ಸೀಟು ಸಿಕ್ಕ ಮೇಲೆ ಶುರುವಾಗುವ ಭಯ

ಪಿಯು ಕಾಲೇಜುಗಳಲ್ಲಿ ಈಗ ಪೂರ್ವಸಿದ್ಧತಾ ಪರೀಕ್ಷೆಯ ಸಮಯ. ಅಂಕ ಕಡಿಮೆ ಬಂದಾಗ ಎಲ್ಲರೂ ಹೆದರುತ್ತಾರೆ. ಆದರೆ ಆಗಲೇ ಎಲ್ಲೋ ಒಂದು ಸೀಟು ಸಿಕ್ಕು, ಮನೆಯವರು ಊರಿಗೆಲ್ಲ ಪೇಡೆ ಹಂಚಿದ ಮೇಲೆ ಅಂಕ ಕುಸಿದರೆ ಆಗುವ ಹೆದರಿಕೆಯೇ ಬೇರೆ. ಎರಡು ವರ್ಷದ ಹಿಂದೆ ನಾನು ಅದನ್ನು ಅನುಭವಿಸಿದ್ದೇನೆ.

2023ರ ಡಿಸೆಂಬರ್‌ನಲ್ಲಿ ಒಂದು ಖಾಸಗಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದಿದ್ದೆ. ಸೀಟು ಕೊಡುವುದಾಗಿ ಪತ್ರ ಬಂತು. ಅಪ್ಪ ಮೆಣಸಿನಕಾಯಿ ಮಾರಿದ ದುಡ್ಡಿಗೆ ಸೊಸೈಟಿ ಸಾಲ ಸೇರಿಸಿ ಮೊದಲ ಕಂತು ಕಟ್ಟಿದರು. ಪತ್ರದ ಮೂರನೇ ಪುಟದಲ್ಲಿ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಒಂದು ಷರತ್ತು ಇತ್ತು: ದ್ವಿತೀಯ ಪಿಯುನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್ ಸೇರಿ ಶೇ 60 ಅಂಕ ಬರದಿದ್ದರೆ ಪ್ರವೇಶ ರದ್ದು. ಅದನ್ನು ಅಪ್ಪನೂ ಓದಲಿಲ್ಲ, ನಾನೂ ಓದಲಿಲ್ಲ.

ಎರಡು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ದುಡಿದ ಮೈ, ಪತ್ರ ಬಂದ ದಿನವೇ ಸಡಿಲವಾಯಿತು. ಧಾರವಾಡದ ಹಾಸ್ಟೆಲ್‌ನಲ್ಲಿ ಮಧ್ಯಾಹ್ನ ಕ್ರಿಕೆಟ್, ರಾತ್ರಿ ರೀಲ್ಸ್. ‘ನಿಂದೇನಪ್ಪ, ಸೀಟು ಆಗೇ ಹೋತು’ ಎಂದು ಗೆಳೆಯರು ಹೇಳುವಾಗ ಖುಷಿಯಾಗುತ್ತಿತ್ತು. ಜನವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಬಂತು. ಫಿಸಿಕ್ಸ್ 70ಕ್ಕೆ 31, ಕೆಮಿಸ್ಟ್ರಿ 70ಕ್ಕೆ 28, ಮ್ಯಾತ್ಸ್ 80ಕ್ಕೆ 39. ಅವತ್ತು ರಾತ್ರಿ ಏನೋ ಅನುಮಾನ ಬಂದು ಪತ್ರವನ್ನು ಪೂರ್ತಿ ಓದಿದೆ. ಒಟ್ಟು 220ಕ್ಕೆ 98. ಅಂದರೆ ಶೇ 45ರ ಒಳಗೆ. ಬೇಕಿದ್ದುದು 60.

ಭಯ ಇದ್ದರೆ ಮಕ್ಕಳು ಓದುತ್ತಾರೆ ಎಂದು ಹಿರಿಯರು ಹೇಳುತ್ತಾರೆ. ನನ್ನ ಅನುಭವದಲ್ಲಿ ಅದು ನಿಜವಲ್ಲ. ಮುಂದಿನ ಹದಿನೈದು ದಿನ ಪುಸ್ತಕ ತೆರೆದಿಟ್ಟುಕೊಂಡು ಕುಳಿತೆ, ಓದಲಿಲ್ಲ. ಸೀಟು ಹೋದರೆ ಅಪ್ಪನಿಗೆ ಏನು ಹೇಳುವುದು, ಕಟ್ಟಿದ ದುಡ್ಡು ವಾಪಸ್ ಬರುತ್ತದೆಯೇ, ಪೇಡೆ ತಿಂದವರು ಏನೆನ್ನುತ್ತಾರೆ, ಇದೇ ಲೆಕ್ಕ. ಮನೆಯಿಂದ ಫೋನ್ ಬಂದರೆ ‘ಚಲೋ ಆಗೇತಿ’ ಎನ್ನುತ್ತಿದ್ದೆ. ಒಂದು ಸುಳ್ಳು ಹೇಳಿದ ಮೇಲೆ ನಿಜ ಹೇಳುವುದು ಇನ್ನೂ ಕಷ್ಟವಾಯಿತು.

ಕೊನೆಗೆ ಕೆಮಿಸ್ಟ್ರಿ ಸರ್ ಕರೆದು ಕೇಳಿದರು: ‘50ರ ಕೆಳಗೆ ಬರದವನು ನೀನು. ಏನಾಯ್ತು?’ ನಾನು ಮೊಬೈಲ್‌ನಲ್ಲಿದ್ದ ಪತ್ರ ತೋರಿಸಿದೆ. ಅವರು ಬೈಯಲಿಲ್ಲ. ನನ್ನ ಉತ್ತರ ಪತ್ರಿಕೆಯ ಹಿಂದೆಯೇ ಲೆಕ್ಕ ಹಾಕಿದರು. ಫಿಸಿಕ್ಸ್, ಕೆಮಿಸ್ಟ್ರಿಗೆ ಪ್ರಾಕ್ಟಿಕಲ್ ತಲಾ 30, ಮ್ಯಾತ್ಸ್‌ಗೆ ಆಂತರಿಕ ಮೌಲ್ಯಮಾಪನ 20. ಅವುಗಳಲ್ಲಿ 80ಕ್ಕೆ 75 ಬಂದರೂ ಒಟ್ಟು 300ಕ್ಕೆ 173. ಬೇಕಿದ್ದುದು 180. ‘ನಿನಗೆ ಕಡಿಮೆ ಇರುವುದು ಏಳು ಅಂಕ. ಅದಕ್ಕೆ ಹದಿನೈದು ದಿನ ಹಾಳು ಮಾಡಿದ್ದೀಯ’ ಎಂದರು.

ಎಂಜಿನಿಯರಿಂಗ್ ಓದಲು ಹೊರಟವನಿಗೆ ಇಷ್ಟು ಕೂಡಿಸುವುದು ಬರಲಿಲ್ಲವೇ ಎಂದು ನೀವು ನಗಬಹುದು. ಭಯದಲ್ಲಿ ಬರುವುದಿಲ್ಲ. ಅದಕ್ಕೇ ಲೆಕ್ಕವನ್ನು ಇನ್ನೊಬ್ಬರಿಗೆ ತೋರಿಸಬೇಕು. ಅಂದು ಸಂಜೆ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ‘ರೊಕ್ಕದ್ದು ನಾ ನೋಡ್ಕೋತೀನಿ, ನೀ ಓದ್ಕೊ. ಆದ್ರ ಇನ್ನೊಮ್ಮೆ ಮುಚ್ಚಿಡಬ್ಯಾಡ’ ಎಂದರು. ಮಾರ್ಚ್ 1ರಿಂದ ನಡೆದ ಪರೀಕ್ಷೆಯಲ್ಲಿ 300ಕ್ಕೆ 194 ಬಂತು. ಸೀಟು ಉಳಿಯಿತು.

ಷರತ್ತೇ ತಪ್ಪು ಎಂದು ನಾನು ಹೇಳುವುದಿಲ್ಲ. ಇಂಥ ನಿಯಮ ಎಲ್ಲ ಕಡೆ ಇದೆ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಅರ್ಧ ಪಾಲು ಪಿಯು ಅಂಕಗಳದ್ದು. ಜೆಇಇಯಲ್ಲಿ ಒಳ್ಳೆಯ ರ‍್ಯಾಂಕ್ ಬಂದರೂ ಎನ್‌ಐಟಿ ಸೇರಲು ಸಾಮಾನ್ಯ ವರ್ಗದವರು ಹನ್ನೆರಡನೇ ತರಗತಿಯಲ್ಲಿ ಶೇ 75 ಪಡೆಯಬೇಕು, ಇಲ್ಲವೇ ತಮ್ಮ ಬೋರ್ಡ್‌ನ ಮೇಲಿನ ಶೇ 20ರಷ್ಟು ವಿದ್ಯಾರ್ಥಿಗಳಲ್ಲಿ ಇರಬೇಕು. ಕಾರಣವೂ ಇದೆ. ಆ ಡಿಸೆಂಬರ್, ಜನವರಿಯಲ್ಲಿ ನಾನು ಬಿಟ್ಟ ಇಂಟಿಗ್ರೇಷನ್ ಮೊದಲ ಸೆಮಿಸ್ಟರ್‌ನ ಮ್ಯಾತ್ಸ್‌ನಲ್ಲಿ ಎದುರಿಗೆ ಬಂದು ನಿಂತಿತು. ಆಗ ಅದಕ್ಕೆ ಮತ್ತೆ ಪಿಯು ಪುಸ್ತಕ ತೆಗೆಯಬೇಕಾಯಿತು.

ನನ್ನ ತಕರಾರು ಇರುವುದು ಷರತ್ತನ್ನು ಹೇಳುವ ರೀತಿಯ ಬಗ್ಗೆ. ಹಣ ಕಟ್ಟಿಸಿಕೊಳ್ಳುವಾಗ ಬ್ಯಾಂಕ್ ಖಾತೆಯ ಸಂಖ್ಯೆ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿರುತ್ತದೆ. ಎಷ್ಟು ಅಂಕ ಬೇಕು, ಯಾವ ವಿಷಯಗಳನ್ನು ಸೇರಿಸಿ, ಬರದಿದ್ದರೆ ಹಣ ಏನಾಗುತ್ತದೆ ಎಂಬುದೂ ಅದೇ ಪುಟದಲ್ಲಿ, ಕನ್ನಡದಲ್ಲೂ ಇರಲಿ. ಪಿಯು ಉಪನ್ಯಾಸಕರಲ್ಲೂ ಒಂದು ವಿನಂತಿ. ಚೆನ್ನಾಗಿ ಓದುತ್ತಿದ್ದವರ ಅಂಕ ಇದ್ದಕ್ಕಿದ್ದಂತೆ ಇಳಿದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪಟ್ಟಿ ಹಾಕುವ ಮೊದಲು ಪಕ್ಕಕ್ಕೆ ಕರೆದು ಕೇಳಿ. ನನ್ನ ಸರ್ ಕೇಳಿದ್ದು ಎರಡೇ ಮಾತು.

ಇನ್ನು ನಮ್ಮ ಪಾಲು. ಪತ್ರವನ್ನು ಕೊನೆಯ ಪುಟದವರೆಗೆ ಓದಿ. ಷರತ್ತು ಅರ್ಥವಾಗದಿದ್ದರೆ ಪ್ರವೇಶ ವಿಭಾಗಕ್ಕೆ ಫೋನ್ ಮಾಡಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ. ದ್ವಿತೀಯ ಪಿಯುಗೆ 2024ರಿಂದ ಅದೇ ವರ್ಷ ಮತ್ತೆ ಪರೀಕ್ಷೆ ಬರೆದು ಅಂಕ ಹೆಚ್ಚಿಸಿಕೊಳ್ಳುವ ಅವಕಾಶ ಬಂದಿದೆ. ಆ ಅಂಕಗಳನ್ನು ಒಪ್ಪುತ್ತಾರೆಯೇ, ಅಂಕಪಟ್ಟಿ ಕೊಡಲು ಕೊನೆಯ ದಿನ ಯಾವುದು ಎಂದು ಈಗಲೇ ಕೇಳಿಟ್ಟುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಅಂಕ ಕುಸಿದಿದ್ದನ್ನು ಆ ವಾರವೇ ಯಾರಿಗಾದರೂ ಹೇಳಿ.

ಇದು ಪಿಯುಗೇ ಮುಗಿಯುವ ಕಥೆಯಲ್ಲ. ನಮ್ಮ ಹಾಸ್ಟೆಲ್‌ನ ಫೈನಲ್ ಇಯರ್ ಸೀನಿಯರ್ ಒಬ್ಬರಿಗೆ ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿದೆ. ಕೋರ್ಸ್ ಮುಗಿಯುವಾಗ ಒಂದೂ ಬ್ಯಾಕ್‌ಲಾಗ್ ಇರಬಾರದು ಎಂದು ಆಫರ್ ಲೆಟರ್‌ನಲ್ಲಿದೆ. ಅವರದು ಒಂದು ವಿಷಯ ಉಳಿದಿದೆ. ಎರಡು ವಾರದಿಂದ ಮೆಸ್‌ಗೆ ಎಲ್ಲರ ಊಟ ಮುಗಿದ ಮೇಲೆ ಬರುತ್ತಾರೆ. ಮನೆಯವರಿಗೆ ಹೇಳಿದಿರಾ ಎಂದು ಮೊನ್ನೆ ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು. ನನ್ನ ಏಳು ಅಂಕದ ಕಥೆ ಹೇಳಿದೆ. ನಾಳೆ ಸಂಜೆ ಇಬ್ಬರೂ ಕುಳಿತು ಆ ವಿಷಯದ ಹಳೆಯ ಪ್ರಶ್ನೆಪತ್ರಿಕೆಗಳನ್ನು ತೆಗೆಯಬೇಕು ಎಂದುಕೊಂಡಿದ್ದೇವೆ. ಅದಕ್ಕೂ ಮೊದಲು ಅವರು ಮನೆಗೆ ಒಂದು ಫೋನ್ ಮಾಡಲಿದ್ದಾರೆ.