ಅಂಗೈ ಮೇಲೆ ಎದ್ದು ನಿಂತ ತೆಂಗಿನಕಾಯಿ

ಎರಡು ವಾರದಿಂದ ಏನೂ ಬರೆದಿರಲಿಲ್ಲ, ರಾಗಿ ಒಕ್ಕಣೆ ಇತ್ತು. ಇವತ್ತು ಬೆಳೆ ಬಗ್ಗೆ ಅಲ್ಲ, ನೀರು ನೋಡೋರ ಬಗ್ಗೆ. ಕೆಲವರಿಗೆ ಬೇಜಾರಾಗಬಹುದು, ಆಗಲಿ.

ನನ್ನ ತಮ್ಮನ ಮಗ ಮೂರನೇ ಬೋರ್ ಹಾಕಿಸೋಕೆ ಹೊರಟಿದ್ದಾನೆ. ಎರಡು ಹಸು ಮಾರಿದ, ಹೆಂಡತಿ ಸರ ಅಡ ಇಟ್ಟ. ಪಾಯಿಂಟ್ ನೋಡೋಕೆ ಅಂಗೈಲಿ ತೆಂಗಿನಕಾಯಿ ಇಟ್ಕೊಂಡು ಓಡಾಡೋ ಒಬ್ಬರನ್ನ ಭಾನುವಾರ ಕರೆಸ್ತಾನಂತೆ. ಎಂಟು ವರ್ಷದ ಹಿಂದೆ ನನ್ನ ಹೊಲದಲ್ಲಿ ಓಡಾಡಿದ್ದೂ ಅವರೇ.

ಆವತ್ತು ಮಲಗಿದ್ದ ಕಾಯಿ ಎದ್ದು ನಿಂತ ಜಾಗಕ್ಕೆ ಕಲ್ಲು ಇಟ್ಟು ಅರಿಶಿನ ಕುಂಕುಮ ಹಚ್ಚಿದರು. ನಾನೂರು ಅಡಿಗೆ ಎರಡು ಇಂಚು ನೀರು ಗ್ಯಾರಂಟಿ ಅಂದರು. ನಾನೂರಕ್ಕೆ ಧೂಳು. ಎಂಟುನೂರಕ್ಕೂ ಧೂಳು. 1150 ಅಡಿಗೆ ನಾನೇ ಸಾಕು ನಿಲ್ಲಿಸಪ್ಪ ಅಂದೆ. ಸಾಲ ತೀರೋಕೆ ಐದು ವರ್ಷ ಹಿಡೀತು. ದುಡ್ಡು ಹೋದದ್ದನ್ನ ಹೇಗೋ ಮರೆಯಬಹುದು. ಆ ಮನುಷ್ಯ ಹೋಗ್ತಾ ಹೇಳಿದ ಮಾತು ಮರೆಯೋಕಾಗಲ್ಲ: "ಯಾರೋ ಮುಟ್ಟಾದೋರು ಇಲ್ಲಿ ಓಡಾಡವ್ರೆ, ಗಂಗಮ್ಮ ಪಕ್ಕಕ್ಕೆ ಸರಿದುಬಿಟ್ಲು."

ರಿಗ್ ಹುಡುಗರಿಗೆ ಮುದ್ದೆ ಸಾರು ಹೊತ್ತು ತಂದಿದ್ದವಳು ನನ್ನ ಮನೆಯವಳು. ಅವಳು ಎಲ್ಲರ ಮುಂದೆ ತಲೆ ತಗ್ಗಿಸಿದಳು. ಆಮೇಲೆ ಒಂದು ವರ್ಷ ಆ ಹೊಲಕ್ಕೆ ಕಾಲಿಡಲಿಲ್ಲ. ನಾನು ಆಗ ಬಾಯಿ ಮುಚ್ಕೊಂಡಿದ್ದೆ, ಒಳಗೊಳಗೆ ನಂಬಿಯೂ ಇದ್ದೆ. ಆ ತಪ್ಪು ನನ್ನದೇ, ಕಾಯಿಯವನದಲ್ಲ.

ಆಮೇಲೆ ಯೋಚನೆ ಮಾಡ್ತಾ ಹೋದೆ. ನಮ್ಮ ಕಡೆ ನೆಲದ ಕೆಳಗೆ ನದಿ ಗಿದಿ ಹರಿಯಲ್ಲ. ಮೇಲೆ ಮಣ್ಣು, ಅದರಡಿ ಮೆದು ಕಲ್ಲು, ಆಮೇಲೆ ಗಟ್ಟಿ ಬಂಡೆ. ಬಂಡೆ ಬಿರುಕಲ್ಲಿ ನೀರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೆರೆ ತುಂಬಿದಾಗ ಏರಿ ಕೆಳಗಿನ ಜಮೀನಲ್ಲಿ ಯಾರು ಪಾಯಿಂಟ್ ಕೊಟ್ಟರೂ ಸಾಮಾನ್ಯವಾಗಿ ನೀರು ಬರುತ್ತೆ, ಹೆಸರು ಮಾತ್ರ ಕಾಯಿಗೆ. ನೀರು ಬಂದವನು ಸಂತೆಯಲ್ಲೆಲ್ಲ ಹೇಳ್ಕೊಂಡು ಬರ್ತಾನೆ. ಬರದವನು ನನ್ನ ಹಾಗೆ ಮನೇಲಿ ಕೂತಿರ್ತಾನೆ, ಅವನನ್ನ ಯಾರು ಕೇಳ್ತಾರೆ?

ಹಾಗಂತ ಅವರು ಬೇಕಂತಲೇ ಮೋಸ ಮಾಡ್ತಾರೆ ಅಂತ ನಾನು ಹೇಳಲ್ಲ. ನೀವೇ ಮನೇಲಿ ದಾರಕ್ಕೆ ಉಂಗುರ ಕಟ್ಟಿ ಬೆರಳಲ್ಲಿ ಇಳಿಬಿಡಿ. ಕೈ ಅಲ್ಲಾಡಿಸಬೇಡಿ, ಅದು ದುಂಡಗೆ ಸುತ್ತಲಿ ಅಂತ ಮನಸ್ಸಲ್ಲಿ ಅಂದ್ಕೊಳ್ಳಿ ಸಾಕು. ಸ್ವಲ್ಪ ಹೊತ್ತಿಗೆ ಸುತ್ತೋಕೆ ಶುರುವಾಗುತ್ತೆ. ನಮಗೆ ಗೊತ್ತಾಗದ ಹಾಗೆ ಕೈ ಅಲುಗಿರುತ್ತೆ, ಅಷ್ಟೇ. ಹುಣಸೆ ಕವಲು ಕಡ್ಡಿ ಬಗ್ಗೋದೂ ಹಾಗೇ, ಕಾಯಿ ಏಳೋದೂ ಹಾಗೇ.

ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು ಎಚ್. ನರಸಿಂಹಯ್ಯ, ಭೌತಶಾಸ್ತ್ರದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರೀಕ್ಷೆ ಮಾಡೋಕೆ ಒಂದು ಸಮಿತಿಯನ್ನೇ ಮಾಡಿದರು. ಅಂಥವರು ಹುಟ್ಟಿದ ತಾಲ್ಲೂಕಲ್ಲಿ ನಾವು ಒಂದು ಕಾಯಿನ ಪ್ರಶ್ನೆ ಕೇಳೋಕೆ ಹೆದರ್ತೀವಿ.

ನಾನು ನಾಸ್ತಿಕ ಅಲ್ಲ ಸ್ವಾಮಿ. ರಿಗ್ ಶುರು ಮಾಡೋ ಮುಂಚೆ ಗಂಗಮ್ಮನಿಗೆ ಕಾಯಿ ಒಡೀತೀನಿ, ಮುಂದೆಯೂ ಒಡೀತೀನಿ. ದೇವರ ಹೆಸರಲ್ಲಿ ದುಡ್ಡು ತಗೊಂಡು, ನೀರು ಬರದಿದ್ದರೆ ಹೆಂಗಸರ ಮೇಲೆ ಹಾಕೋದಿದೆಯಲ್ಲ, ಅದು ಯಾವ ಭಕ್ತಿ?

ನೆಲಕ್ಕೆ ಸರಳು ನೆಟ್ಟು, ಕರೆಂಟು ಬಿಟ್ಟು ನೋಡೋ ಜಿಯಾಲಜಿಸ್ಟ್‌ಗಳೂ ತಪ್ತಾರೆ, ಅದೂ ನಿಜ. ಆದರೆ ಅವರ ಮೀಟರ್ ಏನು ತೋರಿಸಿತು ಅನ್ನೋದು ಕಾಗದದಲ್ಲಿ ಇರುತ್ತೆ, ಇನ್ನೊಬ್ಬರಿಗೆ ತೋರಿಸಿ ಕೇಳಬಹುದು. ಕಾಯಿಗೆ ಯಾವ ಕಾಗದ?

ತಮ್ಮನ ಮಗನಿಗೆ ಬೇಡ ಅಂದರೆ ಕೇಳಲ್ಲ. ಅದಕ್ಕೆ ಒಂದೇ ಮಾತು ಕೇಳಿದೀನಿ. ಅವರ ಕಣ್ಣಿಗೆ ಟವಲ್ ಕಟ್ಟಿ ಹೊಲದಲ್ಲಿ ಮೂರು ಸಲ ನಡೆಸೋಣ, ಸಲಕ್ಕೊಂದು ಸುಣ್ಣದ ಗುರುತು ನಾನು ಹಾಕ್ತೀನಿ. ಮೂರೂ ಸಲ ಕಾಯಿ ಒಂದೇ ಜಾಗದಲ್ಲಿ ಎದ್ದರೆ ಅವರ ಫೀಸು ನಾನೇ ಕೊಡ್ತೀನಿ. ಹುಡುಗ ಆಯ್ತು ದೊಡ್ಡಪ್ಪ ಅಂದಿದ್ದಾನೆ. ಕಾಯಿಯವರಿಗೆ ಇನ್ನೂ ಹೇಳಿಲ್ಲ.

ಭಾನುವಾರ ಎಲ್ಲರಿಗೂ ಊಟ ತರೋಳು ನನ್ನ ಮನೆಯವಳೇ. ಬರ್ತೀಯಾ ಅಂತ ಕೇಳಿದೆ, ಸುಣ್ಣದ ಡಬ್ಬ ಎಲ್ಲಿಟ್ಟಿದ್ದೀರಿ ಅಂದಳು.