ಅಮಾನತೋ, ರದ್ದೋ?

2025ನೆಯ ಏಪ್ರಿಲ್ 23ರಂದು ಭಾರತ ಸರಕಾರವು 1960ನೆಯ ಇಸವಿಯ ಸಿಂಧೂ ಜಲ ಒಪ್ಪಂದವನ್ನು ‘ಅಬೇಯನ್ಸ್’ನಲ್ಲಿರಿಸಿದುದಾಗಿ ಸಾರಿದಾಗ, ಆ ಆಂಗ್ಲಪದಕ್ಕೆ ಕನ್ನಡದಲ್ಲಿ ರದ್ದು, ಸ್ಥಗಿತ, ಅಮಾನತು ಎಂಬ ಮೂರು ಮಾತುಗಳು ಒಮ್ಮೆಲೇ ಬಳಕೆಗೆ ಬಂದುವು. ಇವುಗಳಲ್ಲಿ ಮೊದಲನೆಯದು ಸರ್ವಥಾ ಸಲ್ಲದು. ರದ್ದಾದುದು ಸತ್ತಂತೆ, ಅಮಾನತಿನಲ್ಲಿರುವುದು ಮಲಗಿದಂತೆ. ಮಲಗಿದುದು ಎಂದಾದರೊಂದು ದಿನ ಏಳಬಹುದು.

ಅಮಾನತು ಅರಬ್ಬೀ ಮೂಲದ ಮಾತು. ನಂಬಿ ಒಬ್ಬರ ವಶಕ್ಕೆ ಒಪ್ಪಿಸಿದ ಒಡವೆಯೆಂಬುದು ಅದರ ಮೂಲಾರ್ಥ. ಮರಳಿ ಕೊಡಬೇಕೆಂಬ ಹೊಣೆಯು ಆ ಮಾತಿನಲ್ಲಿಯೇ ಅಡಗಿದೆ. ನಮ್ಮೀ ಸೀಮೆಯು 1956ರ ವರೆಗೆ ಮುಂಬಯಿ ಆಡಳಿತಕ್ಕೊಳಪಟ್ಟಿದ್ದಾಗ ಕಂದಾಯ ಖಾತೆಯಲ್ಲಿ ಸೂಟು, ತಹಕೂಬಿ ಎಂಬೆರಡು ಮಾತುಗಳಿದ್ದುವು. ಬೆಳೆ ಕೆಟ್ಟ ವರ್ಷ ತಹಕೂಬಿ ದೊರೆತರೆ ವಸೂಲಿಯು ಮುಂದಕ್ಕೆ ಹೋಗುವುದು, ಬಾಕಿ ಉಳಿಯುವುದು. ಸೂಟು ದೊರೆತರೆ ಮಾತ್ರ ಋಣ ಹರಿಯುವುದು. ಮೇಡ್ಲೇರಿಯಂತಹ ಊರಿನ ಒಕ್ಕಲಿಗನಿಗೆ ಈ ಭೇದವನ್ನರಿಯದೆ ನಿರ್ವಾಹವಿರಲಿಲ್ಲ. 1931ರ ಮಾರ್ಚ್ 5ರ ಗಾಂಧಿ-ಇರ್ವಿನ್ ಒಪ್ಪಂದದಿಂದ ತಹಕೂಬಾದ ಕಾಯದೆಭಂಗ ಚಳವಳಿಯು 1932ರ ಜನವರಿಯಲ್ಲಿ ಮತ್ತೆ ಎದ್ದು ನಿಂತುದನ್ನು ವಾಚಕರು ಬಲ್ಲರು.

ನ್ಯಾಯಾಲಯಗಳೂ ಈ ಭೇದವನ್ನು ಎತ್ತಿಹಿಡಿದಿವೆ. ತಡೆಯಾಜ್ಞೆಯಿಂದ ಆದೇಶವು ನಡೆಯದೆ ನಿಲ್ಲುವುದೇ ಹೊರತು ಅಳಿದುಹೋಗದೆಂದು ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ಶ್ರೀ ಚಾಮುಂಡಿ ಮೊಪೆಡ್ಸ್ ಪ್ರಕರಣದಲ್ಲಿ ವಿವರಿಸಿತು. ಮೈಸೂರಿನ ನಿವೃತ್ತ ಮೇಜರ್ ಜನರಲ್ ಎಸ್. ಜಿ. ವೊಂಬತ್ಕೆರೆಯವರು ಮೊದಲಾದವರ ಅರ್ಜಿಗಳ ಮೇಲೆ 2022ರ ಮೇ 11ರಂದು ರಾಜದ್ರೋಹದ 124-ಅ ಕಲಮಿನ ಖಟ್ಲೆಗಳನ್ನು ಅದೇ ನ್ಯಾಯಾಲಯವು ಅಮಾನತಿನಲ್ಲಿರಿಸಿತು. ಟಿಳಕರನ್ನೂ ಗಾಂಧೀಜಿಯವರನ್ನೂ ಸೆರೆಗೆ ನೂಕಿದ ಆ ಕಲಮು ಅಂದು ಸತ್ತಿತೆಂದು ಹಿಗ್ಗಿದವರುಂಟು. ಪುಸ್ತಕದಲ್ಲಿ ಅದು ಇದ್ದೇ ಇತ್ತು. 2024ರ ಜುಲೈ 1ರಂದು ಹಳೆಯ ದಂಡಸಂಹಿತೆಯೊಡನೆ ಅದು ಹೋಯಿತಾದರೂ, ನ್ಯಾಯಸಂಹಿತೆಯ 152ನೆಯ ಕಲಮಾಗಿ ಹೊಸ ಉಡುಪು ತೊಟ್ಟು ಬಂದಿದೆಯೆಂದು ಆಕ್ಷೇಪಿಸುವವರ ಮಾತನ್ನು ತಳ್ಳಿಹಾಕುವಂತಿಲ್ಲ.

ನೌಕರನ ಅಮಾನತೂ ಶಿಕ್ಷೆಯಲ್ಲ, ವಿಚಾರಣೆಗಾಗಿ ಕಾದಿರಿಸುವುದಷ್ಟೇ. ಮೂರು ತಿಂಗಳೊಳಗೆ ಆರೋಪಪಟ್ಟಿ ಕೊಡದಿದ್ದರೆ ಅಮಾನತನ್ನು ಮುಂದುವರಿಸಬಾರದೆಂದು 2015ರಲ್ಲಿ ಅಜಯಕುಮಾರ ಚೌಧರಿ ಪ್ರಕರಣದಲ್ಲಿ ತೀರ್ಪಾಗಿರುವುದು ಉಚಿತವೇ ಆಗಿದೆ. ಗಡುವಿಲ್ಲದ ಅಮಾನತು, ರದ್ದೆಂದು ಹೇಳುವ ಧೈರ್ಯವಿಲ್ಲದವರ ರದ್ದತಿಯಲ್ಲದೆ ಮತ್ತೇನು?

ಆದುದರಿಂದ ಅಧಿಕಾರಿವರ್ಗಕ್ಕೆ ನಮ್ಮ ಸೂಚನೆಯಿಷ್ಟೆ. ಯಾವುದೇ ಆದೇಶವನ್ನು ಅಮಾನತಿನಲ್ಲಿರಿಸುವಾಗ ಏತಕ್ಕಾಗಿ, ಎಂದಿನ ವರೆಗೆ, ಯಾವ ಷರತ್ತು ಪೂರೈಸಿದರೆ ಅದು ಮತ್ತೆ ಜಾರಿಗೆ ಬರುವುದೆಂಬ ಮೂರು ಸಂಗತಿಗಳನ್ನು ಅದೇ ಕಾಗದದಲ್ಲಿ ತಿಳಿಗನ್ನಡದಲ್ಲಿ ಬರೆಯಲಿ. ಸಿಂಧೂ ಒಪ್ಪಂದದ ಪ್ರಕಟಣೆಯಲ್ಲಿ ಪಾಕಿಸ್ತಾನವು ಗಡಿಯಾಚೆಯ ಭಯೋತ್ಪಾದನೆಗೆ ಬೆಂಬಲವನ್ನು ಬಿಡುವ ವರೆಗೆ ಎಂಬ ಷರತ್ತನ್ನು ಬಿಚ್ಚಿ ಹೇಳಲಾಗಿತ್ತು. ಪರರಾಷ್ಟ್ರಕ್ಕೆ ಸಲ್ಲಿಸಿದ ಆ ಸ್ಪಷ್ಟತೆಯು ಸ್ವಂತ ರೈತನಿಗೂ ನೌಕರನಿಗೂ ಸಲ್ಲದಿರಬೇಕೇ?