ಗಣಿ ನೋಡಲು ಜನ, ಇರಲು ಮನೆಯಿಲ್ಲ

ಕೆಜಿಎಫ್‌ನಲ್ಲಿ ಹುಟ್ಟಿದ ನಮಗೆ ಕಾರ್ನ್‌ವಾಲ್ ಹೊಸ ಹೆಸರೇನಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಚಿನ್ನಕ್ಕೆ ಕೈಹಾಕಿದ ಮೇಲೆ, ಆಳದ ಗಣಿ ಕೆಲಸ ಬಲ್ಲವರು ಹಡಗು ಹತ್ತಿ ಬಂದದ್ದು ಇಂಗ್ಲೆಂಡಿನ ನೈಋತ್ಯ ಮೂಲೆಯ ಆ ಪರ್ಯಾಯದ್ವೀಪದಿಂದ. ನಮ್ಮ ತಾತ ಶಾಫ್ಟ್‌ಗೆ ಇಳಿದವರು. ಅವರ ಮಾತಿನಲ್ಲಿ ಆ ಊರಿನ ದೊರೆಗಳು ಬರುತ್ತಿದ್ದರು, ಹೊಗಳಿಕೆಗಿಂತ ಬೈಗುಳದಲ್ಲೇ ಹೆಚ್ಚು.

ಅಕ್ಕ ಅಲ್ಲಿ ನರ್ಸ್. ಅವಳೇ ಟಿಕೆಟ್ ಕಳಿಸಿದ್ದರಿಂದ ಕಳೆದ ಬೇಸಿಗೆಯಲ್ಲಿ ಹತ್ತು ದಿನ ಹೋಗಿದ್ದೆ. (ಸ್ಟ್ರಿಂಗರ್ ಸಂಭಾವನೆಯಲ್ಲಿ ಬೆಂಗಳೂರು ದಾಟುವುದೇ ಕಷ್ಟ.)

ಬಾಟಲಾಕ್‌ನಲ್ಲಿ ಕಡಲ ಬಂಡೆಯಂಚಿಗೆ ಎರಡು ಕಲ್ಲಿನ ಎಂಜಿನ್ ಮನೆಗಳು ನಿಂತಿವೆ, ಕೆಳಗೆ ಅಲೆ ಅಪ್ಪಳಿಸುತ್ತದೆ. ತವರ, ತಾಮ್ರ ಹುಡುಕುತ್ತಾ ಸುರಂಗಗಳು ಸಮುದ್ರದಡಿಗೇ ಹೋಗಿದ್ದವು. ಪಕ್ಕದ ಲೆವಾಂಟ್ ಗಣಿಯಲ್ಲಿ 1919ರಲ್ಲಿ ಕಾರ್ಮಿಕರನ್ನು ಮೇಲೆ ಕೆಳಗೆ ಸಾಗಿಸುವ ಯಂತ್ರ ಮುರಿದು 31 ಮಂದಿ ಸತ್ತರು. ಆ ಜಾಗದಲ್ಲಿ ಜನ ಫೋಟೊ ತೆಗೆದುಕೊಳ್ಳುತ್ತಾರೆ, ಐಸ್‌ಕ್ರೀಂ ತಿನ್ನುತ್ತಾರೆ. ನಾನೂ ತಿಂದೆ. 1990ರಲ್ಲಿ ಮುಚ್ಚಿದ ಗೀವರ್ ಗಣಿ ಈಗ ಮ್ಯೂಸಿಯಂ. ನಮ್ಮನ್ನು ಸುರಂಗದೊಳಗೆ ಕರೆದೊಯ್ದವರು ಅಲ್ಲೇ ದುಡಿದಿದ್ದ ಒಬ್ಬ ಹಿರಿಯರು. ಕೋಲಾರದವನು ಅಂದೆ. ಎಷ್ಟು ಆಳ ಹೋಗಿದ್ದಿರಿ ಎಂದು ಕೇಳಿದರು. ಮೂರು ಕಿಲೋಮೀಟರ್‌ಗಿಂತ ಹೆಚ್ಚು ಅಂದಾಗ ಹೆಲ್ಮೆಟ್ ತೆಗೆದು ತಲೆ ಒರೆಸಿಕೊಂಡರು, ಅಷ್ಟೇ.

ಫಾಲ್ಮೌತ್ ಬಂದರೂ ನೋಡಿದೆವು. ಒಂದು ಕಾಲಕ್ಕೆ ಇಂಗ್ಲೆಂಡಿನ ಟಪಾಲು ಹಡಗುಗಳು ಅಲ್ಲಿಂದ ಹೊರಡುತ್ತಿದ್ದವು. ಈಗ ಅಲ್ಲಿ ಕಡಲಯಾನದ ಮ್ಯೂಸಿಯಂ ಇದೆ.

2006ರಲ್ಲಿ ಯುನೆಸ್ಕೊ ಈ ಗಣಿ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಚಿಮಣಿಗಳನ್ನು ಅವರು ಉಳಿಸಿಕೊಂಡ ರೀತಿಗೆ ನನಗೆ ಹೊಟ್ಟೆಕಿಚ್ಚೇ ಆಯಿತು. ಆದರೆ ರಾತ್ರಿ ಅಕ್ಕನ ಮನೆಗೆ ಬಂದರೆ ಹಜಾರದ ತುಂಬ ರಟ್ಟಿನ ಪೆಟ್ಟಿಗೆ. "ಬೇಸಿಗೆ ಬಂತು ಅಂದ್ರೆ ಟೂರಿಸ್ಟ್‌ಗೆ ಕೊಡ್ತಾರೆ ಕಣೋ, ವಾರದ ಬಾಡಿಗೇಲಿ ನಮ್ಮ ತಿಂಗಳ ಬಾಡಿಗೆ ದುಡ್ಡು ಬರುತ್ತೆ," ಅಂದಳು. ಮೂರು ವರ್ಷದಲ್ಲಿ ಅದು ಅವಳ ನಾಲ್ಕನೇ ಮನೆ. ಸೇಂಟ್ ಐವ್ಸ್ ಎಂಬ ಮೀನುಗಾರರ ಊರಿನವರು 2016ರಲ್ಲಿ ಮತ ಹಾಕಿ, ಹೊಸದಾಗಿ ಕಟ್ಟುವ ಮನೆಗಳು ಅಲ್ಲೇ ವಾಸಿಸುವವರಿಗೆ ಮಾತ್ರ ಎಂದು ನಿಯಮ ತಂದರು. ಹಳೆಯ ಮನೆಗಳಿಗೆ ಅದು ಅನ್ವಯಿಸದು. ದುಡ್ಡಿದ್ದವರು ಹಳೆಯದನ್ನು ಕೊಳ್ಳುತ್ತಾರೆ.

ನಮ್ಮ ಗಣಿ 2001ರಲ್ಲಿ ಮುಚ್ಚಿತು. ಸಿನಿಮಾ ಬಂದಮೇಲೆ ಸೈನೈಡ್ ದಿಬ್ಬದ ಮೇಲೆ ರೀಲ್ಸ್ ಮಾಡುವ ಹುಡುಗರು ಹೆಚ್ಚಾಗಿದ್ದಾರೆ. ಗಣಿ ಪ್ರವಾಸೋದ್ಯಮದ ಮಾತು ನಮ್ಮಲ್ಲೂ ಆಗಾಗ ಏಳುತ್ತದೆ. ಬರಲಿ, ನಾನೇನೂ ಬೇಡ ಅನ್ನುವುದಿಲ್ಲ. ಶಾಫ್ಟ್ ಪಕ್ಕ ಟಿಕೆಟ್ ಕೌಂಟರ್ ಇಡುವ ಮೊದಲು ಕಾರ್ಮಿಕರ ಲೈನ್ ಮನೆಗಳಲ್ಲಿ ಇರುವವರಿಗೆ ಆ ಮನೆಯ ಹಕ್ಕು ಕಾಗದದಲ್ಲಿ ಗಟ್ಟಿಯಾಗಲಿ. ಮೂರು ತಲೆಮಾರು ಬದುಕಿದ ಎರಡು ಕೋಣೆಯ ಮನೆ ನಾಳೆ ಯಾರದೋ 'ಹೆರಿಟೇಜ್ ಸ್ಟೇ' ಆಗಬಾರದು. ಈ ಪ್ರಶ್ನೆಯನ್ನು ವರದಿಯಲ್ಲಿ ಹಾಕಿದರೆ ಡೆಸ್ಕ್‌ನವರು ಕತ್ತರಿಸುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೊರಡುವ ದಿನ ಅಕ್ಕನಿಗೆ ಹೊಸ ಮನೆ ಸಿಕ್ಕಿತ್ತು. ಆಸ್ಪತ್ರೆಗೆ ಬಸ್ಸಿನಲ್ಲಿ ಒಂದೂವರೆ ಗಂಟೆ ದಾರಿ.